ಕಲ್ಲಚ್ಚಿನಲ್ಲಿ ಛಾಯೆ: ಪುಣೆಯ ಚಿತ್ರಶಾಳೆಯಿಂದ ಮಳವಲಿಯವರೆಗೆ

ಸ್ವಾರಗೇಟದಿಂದ ಸದಾಶಿವ ಪೇಠೆ ಬಹಳ ದೂರವಿಲ್ಲ. ವಿಷ್ಣುಶಾಸ್ತ್ರಿ ಚಿಪಳೂಣಕರರು 1878ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಚಿತ್ರಶಾಳಾ ಮುದ್ರಣಾಲಯವು ದೀರ್ಘಕಾಲ ಆ ಪೇಠೆಯಲ್ಲಿಯೇ ಇದ್ದಿತು. ರಾಮಪಂಚಾಯತನ, ನಾನಾ ಫಡನವೀಸ ಮುಂತಾದ ಬಣ್ಣದ ಪಟಗಳನ್ನು ಅದು ಸಾಮಾನ್ಯರ ಮನೆಗೆ ತಲುಪಿಸಿತು.

ಕನ್ನಡಿಗರಿಗೆ ಕಲ್ಲಚ್ಚು ಅದಕ್ಕೂ ಮೊದಲೇ ಪರಿಚಿತ. 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿಯೇ ಮುದ್ರಿತವಾಗಿತ್ತು. ಆದರೆ ಅಕ್ಷರಕ್ಕೆ ಗೆರೆ ಸಾಕು. ಮುಖದ ಕಾಂತಿಗೆ ಛಾಯೆ ಬೇಕು.

ಜರ್ಮನಿಯ ಆಲೊಯಿಸ್ ಸೆನೆಫೆಲ್ಡರ್ 18ನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ಈ ವಿಧಾನದ ತತ್ತ್ವ ಸರಳವಾದುದು: ಎಣ್ಣೆಗೂ ನೀರಿಗೂ ಹೊಂದಿಕೆಯಿಲ್ಲ. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು ಕಲ್ಲನ್ನು ಒದ್ದೆ ಮಾಡಿದರೆ, ಜಿಡ್ಡಿರುವಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಕಲ್ಲು ಶಾಯಿಯನ್ನು ಹಿಡಿಯುತ್ತದೆ ಇಲ್ಲವೇ ಬಿಡುತ್ತದೆ. ಅರೆಬಣ್ಣವೆಂಬುದು ಅದಕ್ಕೆ ತಿಳಿಯದು. ಆದ್ದರಿಂದ ಮರಳಿನಿಂದ ಉಜ್ಜಿ ತರಿಯಾಗಿಸಿದ ಕಲ್ಲಿನ ಮೇಲೆ ಬಳಪವನ್ನು ಹಗುರವಾಗಿ ಆಡಿಸುತ್ತಿದ್ದರು, ಇಲ್ಲವೇ ಸಾವಿರಾರು ಚುಕ್ಕೆಗಳನ್ನು ಇಡುತ್ತಿದ್ದರು. ದಟ್ಟವಾದರೆ ನೆರಳು, ವಿರಳವಾದರೆ ಬೆಳಕು. ಬಣ್ಣದ ಪಟಕ್ಕೆ ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು, ಅದೂ ಎಡಬಲ ತಿರುಗಿಸಿ ಬರೆದದ್ದು. ಹಾಳೆ ಕೂದಲೆಳೆಯಷ್ಟು ಸರಿದರೂ ದೇವಿಯ ತುಟಿ ಕೆನ್ನೆಗೆ ಜಾರುತ್ತಿತ್ತು!

ಚಿತ್ರಶಾಳೆಯ ಆರಂಭದ ಪಟಗಳಲ್ಲಿ ರೇಖೆ ದಿಟ್ಟ, ಬಣ್ಣ ಬಹುಮಟ್ಟಿಗೆ ಸಪಾಟು. ಅವುಗಳಿಗೂ ತಮ್ಮದೇ ಚೆಲುವಿದೆಯೆಂಬುದು ನನ್ನ ಅಭಿಪ್ರಾಯ. ತೈಲಚಿತ್ರದ ಮೃದುವಾದ ನೆರಳುಬೆಳಕನ್ನು ಕಲ್ಲಿಗಿಳಿಸುವ ಹಂಬಲ ರಾಜಾ ರವಿವರ್ಮರದು. 1894ರಲ್ಲಿ ಮುಂಬಯಿಯಲ್ಲಿ ಜರ್ಮನ್ ಯಂತ್ರಗಳೊಡನೆ ಆರಂಭವಾದ ಅವರ ಮುದ್ರಣಾಲಯವು ‘ಶಕುಂತಲಾ ಜನ್ಮ’ದ ಪಟವನ್ನು ಮೊದಲು ಹೊರತಂದು, 1899ರಲ್ಲಿ ಲೋಣಾವಳೆ ಸಮೀಪದ ಮಳವಲಿಗೆ ಸ್ಥಳಾಂತರಗೊಂಡಿತು (ನಮ್ಮ ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲ). ಸಾಲದ ಭಾರದಿಂದ ಅದನ್ನು ಅಲ್ಲಿನ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಖರ್ ಅವರಿಗೆ ಮಾರಬೇಕಾಯಿತು. 1972ರ ಬೆಂಕಿಯಲ್ಲಿ ಮುದ್ರಣಾಲಯ ಸುಟ್ಟುಹೋಯಿತು. ಪಟದ ಅಂಚಿನಲ್ಲಿ ರವಿವರ್ಮರ ಹೆಸರುಂಟು. ಚುಕ್ಕೆಯಿಟ್ಟ ಕೈಗಳ ಹೆಸರು ಬಹುತೇಕ ಇಲ್ಲ.

ಹೀಗಾಗಿ ಮನೆಗಳಲ್ಲಿ ಉಳಿದ ಪಟಗಳೇ ಆ ಕೆಲಸಕ್ಕೆ ಸಾಕ್ಷಿ. ಮನೆ ಬದಲಿಸುವಾಗ ಅಜ್ಜಿಯ ಕಾಲದ ಲಕ್ಷ್ಮೀ ಸರಸ್ವತಿಯರನ್ನು ಅಶ್ವತ್ಥಕಟ್ಟೆಗೆ ಇಟ್ಟು ಬರುವ ಮುನ್ನ ಭೂತಗನ್ನಡಿಯಿಂದ ಕೆನ್ನೆಯ ಭಾಗವನ್ನು ನೋಡಿರಿ. ಬ್ಯಾಂಕಿನಲ್ಲಿ ನೋಟು ಪರೀಕ್ಷಿಸಲು ಬಳಸುವಂಥದೇ ಸಾಕು. ಚುಕ್ಕೆಗಳು ಜಾಲರಿಯಂತೆ ಕ್ರಮವಾಗಿದ್ದರೆ ಅದು ನಂತರದ ಆಫ್‌ಸೆಟ್ ಮುದ್ರಣ. ಗಾತ್ರದಲ್ಲಿ ಹೆಚ್ಚುಕಡಿಮೆಯಾಗಿ, ಮುಖದ ತಿರುವನ್ನು ಅನುಸರಿಸಿ ಹರಡಿದ್ದರೆ ಅದು ಕಲ್ಲಚ್ಚಾಗಿರುವ ಸಂಭವ ಹೆಚ್ಚು. ಅಂಥ ಪಟವನ್ನು ತೇವದ ಗೋಡೆಯಿಂದ ದೂರವಿಡಬೇಕು, ಗಾಜು ಕಾಗದಕ್ಕೆ ತಾಗದಂತೆ ಚೌಕಟ್ಟು ಹಾಕಿಸಬೇಕು.