ಶುಶ್ರೂಷೆ ವಿದ್ಯೆಯಾದ ಬಗೆ

ಗರುಡಾಚಾರ್‌ಪಾಳ್ಯದ ನಮ್ಮ ನೆರೆಮನೆಯ ಹುಡುಗಿ ಪಿ.ಯು.ಸಿ. ಮುಗಿಸಿ ನರ್ಸಿಂಗ್ ಸೇರುವೆನೆಂದಾಗ, "ರೋಗಿಯ ಮೈ ಒರೆಸುವುದಕ್ಕೂ ಓದಬೇಕೇನಮ್ಮ?" ಎಂದು ಅವಳ ಅಜ್ಜಿ ಮೂಗು ಮುರಿದರು.

ಆ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವುಂಟು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ತೆರೆದ ಫ್ಲಾರೆನ್ಸ್ ನೈಟಿಂಗೇಲ್, ಶುಶ್ರೂಷೆ ಬರಿಯ ಕರುಣೆಯಲ್ಲ, ಕಲಿತು ಮಾಡಬೇಕಾದ ಕೆಲಸವೆಂದು ತೋರಿಸಿಕೊಟ್ಟರು. ನಮ್ಮ ಬೆಂಗಳೂರಿನಲ್ಲಿ 1886ರಲ್ಲಿ ಗುಡ್ ಶೆಫರ್ಡ್ ಸಂನ್ಯಾಸಿನಿಯರು ಸೇಂಟ್ ಮಾರ್ಥಾ ಆಸ್ಪತ್ರೆಯನ್ನು ಸ್ಥಾಪಿಸಿದರು. 1946ರಲ್ಲಿ ದೆಹಲಿ, ವೆಲ್ಲೂರುಗಳಲ್ಲಿ ಪದವಿ ತರಗತಿಗಳು ಮೊದಲಾದುವು. ಮರುವರ್ಷ ಬಂದ ಕಾಯಿದೆ ದೇಶಕ್ಕೆಲ್ಲ ಒಂದೇ ಶಿಕ್ಷಣಮಟ್ಟವನ್ನು ಬಯಸಿತು. 1996ರಲ್ಲಿ ಕರ್ನಾಟಕಕ್ಕೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದಿತು.

ಈಗ ಪದವಿಗೆ ನಾಲ್ಕು ವರ್ಷ: ಅಂಗರಚನೆ, ಔಷಧಶಾಸ್ತ್ರ, ಅದರೊಡನೆ ವಾರ್ಡಿನ ರಾತ್ರಿ ಪಾಳಿ. ಕನ್ನಡ ಮಾಧ್ಯಮದಿಂದ ಬಂದ ಆ ಹುಡುಗಿಗೆ ಮೊದಲ ವರ್ಷ ಇಂಗ್ಲಿಷ್ ಪಠ್ಯ ಕಬ್ಬಿಣದ ಕಡಲೆಯಾಯಿತು. ಬಿಟ್ಟುಬಿಡುವೆನೆಂದು ಅತ್ತದ್ದೂ ಉಂಟು. ನಾನು ನಿಘಂಟು ಹಿಡಿದು ಕೂತೆ. ವಾರ್ಡಿಗೆ ಹೋದಮೇಲೆ ಅವಳೇ ಹೇಳಿದಳು: "ತಾತಾ, ಪುಸ್ತಕ ಇಂಗ್ಲಿಷಿನಲ್ಲಿದೆ, ನೋವು ಮಾತ್ರ ಕನ್ನಡದಲ್ಲಿದೆ."

ಅವಳು ಪದವಿ ಮುಗಿಸಿದಳು. ನನಗೆ ಉಳಿದಿರುವ ಕೊರಗು ಒಂದೇ: ಇಂಥ ಮಕ್ಕಳ ಕೈಗೆ ಒಳ್ಳೆಯ ಕನ್ನಡ ಪಠ್ಯಗಳನ್ನು ಕೊಡುವ ಹೊಣೆ ನಮ್ಮಂಥ ಮೇಷ್ಟರದಾಗಿತ್ತು.