ಯುವಾನ್‌ಶಿಯಾವ್

ಯುವಾನ್‌ಶಿಯಾವ್ ಎಂಬುದು ಚೀನೀ ಚಾಂದ್ರಮಾನ ವರ್ಷದ ಪ್ರಥಮ ಮಾಸದ 15ನೆಯ ದಿನ, ಎಂದರೆ ವರ್ಷದ ಮೊದಲ ಹುಣ್ಣಿಮೆಯಂದು, ಗೂಡುದೀಪಗಳನ್ನು ಬೆಳಗಿ ಆಚರಿಸುವ ಉತ್ಸವ. ನೂತನ ವರ್ಷದ ಸಂಭ್ರಮ ಇದರೊಡನೆ ಪರಿಸಮಾಪ್ತಿಗೊಳ್ಳುವುದು. ಇದರ ಮೂಲವನ್ನು ಸಾಮಾನ್ಯವಾಗಿ ಹಾನ್ ವಂಶದ ಕಾಲದಲ್ಲಿ (ಕ್ರಿ.ಪೂ. 206–ಕ್ರಿ.ಶ. 220) ಗುರುತಿಸುವರು. ಪ್ರಥಮ ಮಾಸದಲ್ಲಿ ಗಾನ್‌ಚುವಾನ್ ಎಂಬಲ್ಲಿ ತೈಯೀ ದೇವತೆಗೆ ಮುಸ್ಸಂಜೆಯಿಂದ ಮುಂಜಾವಿನವರೆಗೆ ಪೂಜೆ ನಡೆಯುತ್ತಿದ್ದುದನ್ನು ಇತಿಹಾಸಕಾರ ಸೀಮಾ ಚಿಯೆನ್ನನ ಗ್ರಂಥ ಉಲ್ಲೇಖಿಸುವುದಾದರೂ, ಆ ಪೂಜೆ ಹುಣ್ಣಿಮೆಗೆ ನಿಯತವಾದುದಲ್ಲದ ಕಾರಣ ಅದನ್ನೇ ಹಬ್ಬದ ಆದಿಯೆಂದು ನಿರ್ಣಯಿಸುವುದು ಉಚಿತವಲ್ಲ. ಮಿಂಗ್ ಚಕ್ರವರ್ತಿಯು (ಆಳ್ವಿಕೆ 57–75) ಬುದ್ಧನ ಗೌರವಾರ್ಥವಾಗಿ ದೀಪ ಬೆಳಗಿಸಲು ಆಜ್ಞಾಪಿಸಿದನೆಂಬುದು ಐತಿಹ್ಯ. ದಾವ್ ಮತೀಯರಿಗೆ ಇದು ಸ್ವರ್ಗಾಧಿಕಾರಿ ದೇವತೆಯ ಪರ್ವದಿನ. ಇದಕ್ಕೆ ಲೌಕಿಕ ವೈಭವ ದೊರೆತದ್ದು ಅನಂತರ. 610ರಲ್ಲಿ ಸುಯಿ ವಂಶದ ಯಾಂಗ್ ಚಕ್ರವರ್ತಿ ಲುವೊಯಾಂಗ್ ನಗರದಲ್ಲಿ ಅದ್ದೂರಿ ಪ್ರದರ್ಶನಗಳನ್ನೇರ್ಪಡಿಸಿದನು. ತಾಂಗ್ ವಂಶದ ಕಾಲದಲ್ಲಿ, ರಾತ್ರಿಸಂಚಾರ ನಿಷಿದ್ಧವಾಗಿದ್ದ ರಾಜಧಾನಿಯಲ್ಲಿ ಈ ಹಬ್ಬಕ್ಕೆಂದೇ ಮೂರು ರಾತ್ರಿ ನಿರ್ಬಂಧವನ್ನು ಸಡಿಲಿಸುತ್ತಿದ್ದರು. ಸೋಂಗ್ ವಂಶದ ಕಾಲದಲ್ಲಿ ಉತ್ಸವ ಐದು ರಾತ್ರಿಗಳಿಗೆ ವಿಸ್ತರಿಸಿತಲ್ಲದೆ, ದೀಪಗಳಿಗೆ ಒಗಟು ಬರೆದು ಅಂಟಿಸುವ ವಿನೋದವೂ ರೂಢಿಗೆ ಬಂದಿತು. ದೀಪಗಳಲ್ಲಿ ತಿರುಗುದೀಪ ವಿಶಿಷ್ಟವಾದುದು: ಒಳಗಿನ ಜ್ವಾಲೆಯಿಂದ ಕಾದು ಮೇಲೇರುವ ಗಾಳಿಯು ಮೇಲ್ಗಡೆಯ ಕಾಗದದ ಚಕ್ರವನ್ನು ತಿರುಗಿಸಲು, ಕುದುರೆ ಸವಾರರ ನೆರಳುಗಳು ದೀಪದ ಮೈಮೇಲೆ ಒಂದರ ಹಿಂದೊಂದು ಓಡುತ್ತವೆ. ಅಂಟಕ್ಕಿಯ ಹಿಟ್ಟಿನಲ್ಲಿ ಕರಿಎಳ್ಳು ಸಕ್ಕರೆಗಳ ಹೂರಣವಿಟ್ಟು ನೀರಿನಲ್ಲಿ ಬೇಯಿಸಿದ ಉಂಡೆ ಈ ದಿನದ ವಿಶೇಷ ಭಕ್ಷ್ಯ. ಉತ್ತರ ಚೀನಾದಲ್ಲಿ ಆ ಉಂಡೆಗೂ ಹಬ್ಬದ ಹೆಸರೇ ಸಲ್ಲುತ್ತದೆ.