ಕಲ್ಲು ಹೋಯ್ತು, ಅಕ್ಷರ ಉಳೀಬೇಕಿತ್ತು

ಇವತ್ತಿನ ಸಂಚಿಕೆ ನಾನು ಕಳ್ಕೊಂಡ ಒಂದು ಕಲ್ಲಿನ ಬಗ್ಗೆ.

ನಮ್ಮ ಅಜ್ಜಿ ಊರು ಬೆಂಗಳೂರಿನ ಅಂಚಿನಲ್ಲಿದೆ. ಅಲ್ಲಿ ಕೆರೆ ಏರಿ ಪಕ್ಕ ಒಂದು ಬರಹದ ಕಲ್ಲಿತ್ತು. ರಜಾದಲ್ಲಿ ಅದೇ ನಮ್ಮ ವಿಕೆಟ್ಟು. ನಾನು ಬಿ.ಕಾಂ. ಮುಗಿಸೋ ಹೊತ್ತಿಗೆ ರಸ್ತೆ ಅಗಲ ಆಯ್ತು, ಕಲ್ಲು ಮಾಯ ಆಯ್ತು. ಅದರಲ್ಲಿ ಏನು ಬರೆದಿತ್ತು? ನನ್ನ ಹತ್ರ ಒಂದು ಫೋಟೋನೂ ಇಲ್ಲ.

ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಹುಡುಕಿದೆ. ಬೆಂಗಳೂರು ಜಿಲ್ಲೆಯ ಶಾಸನಗಳಿರೋ 9ನೇ ಸಂಪುಟ 1905ರಲ್ಲಿ ಬಂತು. ನಮ್ಮ ಕಲ್ಲು ಅದರಲ್ಲಿಲ್ಲ. ಕಾಮರ್ಸ್ ಓದಿದವನಿಗೆ ಇದು ಬೇಗ ಅರ್ಥ ಆಗುತ್ತೆ: ಲೆಡ್ಜರ್‌ನಲ್ಲಿ ಎಂಟ್ರಿ ಇಲ್ಲ ಅಂದ್ರೆ ಆ ವ್ಯವಹಾರ ನಡೆದೇ ಇಲ್ಲ.

ಹಳೇ ಕಾಲದ ತಂತ್ರಜ್ಞಾನ ಅಂದ್ರೆ ಪಡಿಯಚ್ಚು. ಒದ್ದೆ ಕಾಗದವನ್ನ ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ಬಡಿದು, ಮೇಲೆ ಮಸಿ ಒತ್ತೋದು. ಕೊರೆದ ಅಕ್ಷರ ಬೆಳ್ಳಗೆ ಉಳಿಯುತ್ತೆ. ಆದ್ರೆ ಸವೆದ ಕಲ್ಲಲ್ಲಿ ಅಕ್ಷರ ಸರಿಯಾಗಿ ಏಳಲ್ಲ.

1909ರಲ್ಲಿ ಶುರುವಾದ ಬೆಂಗಳೂರಿನ ಮಿಥಿಕ್ ಸೊಸೈಟಿ, 2021ರಿಂದ ಇಲ್ಲಿನ ಶಾಸನಗಳನ್ನ 3ಡಿ ಸ್ಕ್ಯಾನ್ ಮಾಡಿಸ್ತಿದೆ. ಸ್ಕ್ಯಾನರ್ ಕಲ್ಲಿನ ಮೇಲೆ ಬೆಳಕು ಚೆಲ್ಲಿ ಒಂದೊಂದು ಉಬ್ಬು ತಗ್ಗನ್ನೂ ಅಳೆಯುತ್ತೆ. ಆಮೇಲೆ ಕಂಪ್ಯೂಟರ್‌ನಲ್ಲಿ ಕಲ್ಲಿನ ಬಣ್ಣ, ಕಲೆ ತೆಗೆದು, ಬೇಕಾದ ಕಡೆಯಿಂದ ಬೆಳಕು ಬಿಟ್ಟು ನೋಡಬಹುದು. ಕಣ್ಣಿಗೆ ಕಾಣದ ಗೆರೆ ಎದ್ದು ಬರುತ್ತೆ.

ಹೆಬ್ಬಾಳದ ಕಿತ್ತಯ್ಯನ ವೀರಗಲ್ಲನ್ನೇ ತಗೊಳ್ಳಿ. ಸುಮಾರು ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷನ ಕಾಲ. ಬೆಳಕಿಗೆ ಬಂದಿದ್ದು 2018ರಲ್ಲಿ! ನಾವು ಫ್ಲೈಓವರ್ ಟ್ರಾಫಿಕ್‌ಗೆ ಬೈಕೊಳ್ಳೋ ಹೆಬ್ಬಾಳ, ಆಗ ಪೆರ್ಬೊಳಲ್. ಊರಿಗಾಗಿ ಹೋರಾಡಿ ಸತ್ತವನ ಹೆಸರು 1,200 ವರ್ಷ ದಾಟಿ ಬಂದಿದೆ. ಬೇಗೂರಿನ ಇನ್ನೊಂದು ವೀರಗಲ್ಲಲ್ಲಿ 'ಬೆಂಗಳೂರು' ಅನ್ನೋ ಹೆಸರೇ ಇದೆ, ಸುಮಾರು 9ನೇ ಶತಮಾನದ್ದು. ಕೆಂಪೇಗೌಡರಿಗಿಂತ ಆರು ನೂರು ವರ್ಷ ಮೊದಲು.

ಸ್ಕ್ಯಾನ್ ಆದ ಕಲ್ಲನ್ನ ಫೋನಲ್ಲೇ ತಿರುಗಿಸಿ ನೋಡಬಹುದು. ಮೆಟ್ಟಿಲು ಹತ್ತೋಕಾಗದ ಅಜ್ಜಿಯೂ ನೋಡಬಹುದು. ಅದೇ ಫೈಲಿಂದ 3ಡಿ ಪ್ರಿಂಟ್ ತೆಗೆದ್ರೆ ಕಣ್ಣು ಕಾಣದವರು ಬೆರಳಲ್ಲಿ ಮುಟ್ಟಿ ನೋಡಬಹುದು.

ಆದ್ರೆ ಒಂದು ಮಾತು. ಫೈಲು ಕಲ್ಲಲ್ಲ. ಕಲ್ಲು ನಿಂತಿದ್ದ ಜಾಗವೂ ಚರಿತ್ರೆನೇ: ಇಲ್ಲಿ ಕೆರೆ ಇತ್ತು, ಇಲ್ಲಿ ಗಡಿ ಇತ್ತು ಅಂತ ಅದು ಹೇಳುತ್ತೆ. ಸ್ಕ್ಯಾನ್ ಆಗಿದೆಯಲ್ಲ, ಇನ್ನು ಕಿತ್ತು ಹಾಕಿ ಅನ್ನೋಕೆ ಅದು ನೆಪ ಆಗಬಾರದು.

ನಿಮ್ಮೂರಲ್ಲೂ ಬರಹದ ಕಲ್ಲಿದ್ಯಾ? ಸುಣ್ಣ, ಚಾಕ್‌ಪೀಸ್ ಹಚ್ಚಬೇಡಿ. ಸಂಜೆ ಓರೆ ಬಿಸಿಲು ಬಿದ್ದಾಗ ಫೋಟೋ ತೆಗೀರಿ, ಲೊಕೇಶನ್ ಗುರುತು ಹಾಕ್ಕೊಳ್ಳಿ, ಶಾಸನ ಓದೋರಿಗೆ ಕಳಿಸಿ. ನನ್ನ ಹತ್ರ ಅವತ್ತು ಫೋನಿತ್ತು, ತೆಗೀಲಿಲ್ಲ. ನೀವು ತೆಗೀರಿ.

ಮುಂದಿನ ಸಂಚಿಕೇಲಿ ಸಿಗೋಣ.